ಬಂದದ್ದು, ಹೊರಟದ್ದು

ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತು. ತಲೆಯ ಕಡೆ ಹಿಡಿದಿದ್ದ ಇಬ್ಬರು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದರು, ಕಾಲಿನ ಕಡೆಯವರು ಗೋಡೆಗೆ ಒತ್ತಿಕೊಂಡರು, ಆದರೂ ಅದು ತಿರುಗಲಿಲ್ಲ. ಕೆಳಗಿನಿಂದ ಹತ್ತಿ ಬರುತ್ತಿದ್ದ ಗುಬ್ಬಿ ಇದ್ದಲ್ಲೇ ನಿಂತಳು. ಐದು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದಳು. ಅಕ್ಕನ ಮನೆಯ ಬಾಗಿಲು ಮುಟ್ಟುವ ಮೊದಲೇ, ಎರಡನೇ ಮಹಡಿಯ ಮೆಟ್ಟಿಲ ಮೇಲೆ, ಅಕ್ಕನೇ ಎದುರಾದಳು.

"ತಲೆ ಕಡೆ ಎತ್ತಿ, ಕಾಲ ಕಡೆ ಇಳಿಸಿ," ಎಂದು ಮೇಲಿನಿಂದ ಮಾತ್ರೆ ಹೇಳುತ್ತಿದ್ದ. "ಬೀರು ಇಳಿಸಲ್ವಾ, ಹಾಗೆ." ಅಂದವನು ನಾಲಿಗೆ ಕಚ್ಚಿಕೊಂಡ.

ಮಾತ್ರೆ ಅಕ್ಕತಂಗಿಯರ ದೊಡ್ಡಪ್ಪನ ಮಗ. ಮೂವತ್ತು ವರ್ಷ ಊರೂರು ಅಲೆದು ಔಷಧಿ ಮಾರಿದವನು. ಹೆಸರು ಹಾಗೇ ಅಂಟಿಕೊಂಡಿತ್ತು. ಗುಬ್ಬಿಯ ಹೆಸರೂ ಅಷ್ಟೇ. ಐವತ್ತನಾಲ್ಕು ತುಂಬಿದ್ದರೂ, ತಲೆಗೂದಲು ಮುಕ್ಕಾಲು ಪಾಲು ಬೆಳ್ಳಗಾಗಿದ್ದರೂ, ಈ ಮೆಟ್ಟಿಲು ಹತ್ತಿದರೆ ಅವಳು ಗುಬ್ಬಿಯೇ.

ಅವಳು ಕೈಚೀಲವನ್ನು ಎದೆಗೆ ಅವುಚಿಕೊಂಡು ಗೋಡೆಗೆ ಬೆನ್ನು ಹಚ್ಚಿದಳು. ಸ್ಟ್ರೆಚರ್ ಓರೆಯಾಗಿ ಇಳಿದು ಬಂತು. ಹೊದಿಸಿದ್ದ ಬಿಳಿ ಬಟ್ಟೆಯ ಅಂಚು ಚೀಲವನ್ನು ಸವರಿಕೊಂಡು ಹೋಯಿತು. ಚೀಲದಲ್ಲಿ ಒಂದು ಕಂದು ಲಕೋಟೆ ಇತ್ತು. ಏಳು ತಿಂಗಳ ಹಿಂದೆ ಅಕ್ಕ ಕಳಿಸಿದ್ದು. ಅದನ್ನು ಗುಬ್ಬಿ ಬಿಚ್ಚಿ ಓದಿದ್ದು ಇವತ್ತು ಬೆಳಿಗ್ಗೆ, ಬಸ್ಸಿನಲ್ಲಿ.

ಸ್ಟ್ರೆಚರಿನ ಹಿಂದೆ ಅಣ್ಣ ಬಂದ. "ಬಂದ್ಯಾ," ಎಂದು ಅವಳ ತಲೆ ಮುಟ್ಟಿದ. ಅವನ ಹಿಂದೆ ಭಾವ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿತ್ತು.

"ಭಾವ," ಎಂದಳು ಗುಬ್ಬಿ.

ಭಾವ ಅವಳ ಮುಖ ನೋಡಲಿಲ್ಲ. ಮೆಟ್ಟಿಲ ಕಂಬಿಗೆ ಹೇಳುವವರಂತೆ, "ಕೆಳಗೆ ಗಾಡಿ ಕಾಯ್ತಿದೆ," ಎಂದು ಇಳಿದು ಹೋದರು.

* * *

ಸುತ್ತು ಎಂದು ಆ ಲಕೋಟೆಗೆ ಹೆಸರಿಟ್ಟವಳು ಅಕ್ಕ. ಇಪ್ಪತ್ತಾರು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಮೂವರು ಮಕ್ಕಳು ಮೂರು ದಿಕ್ಕಾದರು. ಅಣ್ಣ ಸರಕು ಹಡಗಿನಲ್ಲಿ ಅಡುಗೆಯವನಾಗಿ ಹೋದ. ಗುಬ್ಬಿ ಮದುವೆಯಾಗಿ ಐದು ಗಂಟೆ ದೂರದ ಊರು ಸೇರಿದಳು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸಕ್ಕಿದ್ದ ಅಕ್ಕ ಎಲ್ಲಿಗೂ ಹೋಗಲಿಲ್ಲ. ಎಲ್ಲರಿಗೂ ದಾರಿ ಹೇಳುತ್ತ ಕೂತವಳು ಅವಳೊಬ್ಬಳೇ.

ಒಂದು ದಿನ ಅವಳು ದೊಡ್ಡ ಲಕೋಟೆಯೊಳಗೆ ತನ್ನದೊಂದು ಕಾಗದ ಇಟ್ಟು ಗುಬ್ಬಿಗೆ ಕಳಿಸಿದಳು. ಗುಬ್ಬಿ ಅದನ್ನು ಓದಿ, ತನ್ನದೊಂದು ಸೇರಿಸಿ ಅಣ್ಣನಿಗೆ ಕಳಿಸಬೇಕು. ಅಣ್ಣ ಟೀಚರಿಗೆ. ಟೀಚರ್ ಎಂದರೆ ಅಕ್ಕನ ಶಾಲೆಯ ಗೆಳತಿ, ಭೂಗೋಳ ಪಾಠ ಮಾಡುತ್ತಿದ್ದವರು. ಟೀಚರ್ ಮಾತ್ರೆಗೆ, ಮಾತ್ರೆ ಮರಳಿ ಅಕ್ಕನಿಗೆ. ಮತ್ತೆ ಕೈಗೆ ಬಂದಾಗ ತನ್ನ ಹಳೆಯ ಕಾಗದ ತೆಗೆದುಕೊಂಡು ಹೊಸದು ಇಡುವುದು. ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಂದು ಸುತ್ತು. ಲಕೋಟೆಯ ಮೇಲೆ ಅಕ್ಕ ಅಡ್ಡಗೆರೆ ಉದ್ದಗೆರೆ ಎಳೆದು, ನಿಲ್ದಾಣದ ಹಲಗೆಯಲ್ಲಿರುವ ಹಾಗೆಯೇ ಮೂರು ಕಾಲಂ ಮಾಡಿದ್ದಳು: ಯಾರು, ಬಂದದ್ದು, ಹೊರಟದ್ದು. ತಾರೀಖು ಮಾತ್ರವಲ್ಲ, ಗಂಟೆಯನ್ನೂ ಬರೆಯಬೇಕು. ಲಕೋಟೆ ಹರಿದಾಗ ಹೊಸದಕ್ಕೆ ಮತ್ತೆ ಗೆರೆ ಎಳೆಯುತ್ತಿದ್ದಳು.

ನಿಯಮ ಮೂರೇ. ಬಿಚ್ಚಿದವರು ಎಂಟು ದಿನದೊಳಗೆ ಬರೆಯಲೇಬೇಕು. ಸುತ್ತು ಎಲ್ಲಿದೆ ಎಂದು ಯಾರೂ ಯಾರನ್ನೂ ಕೇಳಬಾರದು. ಐವರ ಹೊರತು ಇನ್ನೊಬ್ಬರು ಓದಬಾರದು. "ಒಂದೇ ಮಂಚದಲ್ಲಿ ಮಲಗ್ತೀನಿ, ಆದ್ರೂ ನಾನು ಹೊರಗಿನವನು," ಎಂದು ಭಾವ ಎಲ್ಲರೆದುರು ದೂರು ಹೇಳುತ್ತಿದ್ದರು. ಅಂಚೆಗೆ ಹಾಕಿ ಬರುವ ಕೆಲಸ ಮಾತ್ರ ಅವರದೇ.

ಆಮೇಲೆ ಮೊಬೈಲು ಬಂತು, ಮಾತ್ರೆ ಅದರಲ್ಲೊಂದು ಗುಂಪು ಮಾಡಿದ, ಎಲ್ಲರೂ ಬೆಳಗಾದರೆ ಹೂವಿನ ಚಿತ್ರ ಹಾಕತೊಡಗಿದರು. ಸುತ್ತು ನಿಲ್ಲಲಿಲ್ಲ. ಅಕ್ಕ ಬಿಡಲಿಲ್ಲ. "ಫೋನಲ್ಲಿ ಏನಾದ್ರೂ ಹೇಳಿದ್ರೆ ಎದುರಿಗಿರೋರು ತಕ್ಷಣ ಏನಾದ್ರೂ ಅನ್ನಲೇಬೇಕು, ಪಾಪ. ಕಾಗದ ಆದ್ರೆ ಯೋಚನೆ ಮಾಡಿ ಅನ್ನಬಹುದು," ಅನ್ನುತ್ತಿದ್ದಳು.

ಅಣ್ಣನ ಕಾಗದಗಳಲ್ಲಿ ಬಂದರುಗಳಿರುತ್ತಿದ್ದವು, ಅವೂ ಹಡಗಿನ ಅಡುಗೆಮನೆಯ ದುಂಡು ಕಿಟಕಿಯಿಂದ ಕಂಡಷ್ಟು. ಟೀಚರ್ ವರ್ಷಕ್ಕೆರಡು ಪ್ರವಾಸ ಮಾಡಿ ನಕ್ಷೆ ಬಿಡಿಸಿ ಕಳಿಸುವರು, ಉಳಿದವರ ಕಾಗದಗಳ ತಪ್ಪಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುವರು. ಮಾತ್ರೆ ಯಾವ ಲಾಡ್ಜಿನಲ್ಲಿ ಎಷ್ಟು ತಿಗಣೆ ಎಂದು ಬರೆಯುವನು. ಆದರೆ ಎಲ್ಲರೂ ಮೊದಲು ಹುಡುಕುತ್ತಿದ್ದುದು ಅಕ್ಕನದನ್ನು. "ಈ ಸಲದ ಪ್ರವಾಸ: ಬ್ಯಾಂಕು. ಹೋಗುವಾಗ ನಡಿಗೆ. ಬರುವಾಗ ಛತ್ರಿ ಮರೆತದ್ದರಿಂದ ಅದೇ ಪ್ರವಾಸ ಇನ್ನೊಂದು ಸಲ."

ಅವಳ ಮೊಟ್ಟಮೊದಲ ಕಾಗದ ಗುಬ್ಬಿಗೆ ಇನ್ನೂ ನೆನಪಿದೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಒಬ್ಬ ಮುದುಕರು ಕಿಟಕಿಗೆ ಬಾಗಿ ಐದು ಗಂಟೆಯ ಬಸ್ಸು ಕೇಳಿದರಂತೆ. ಗಡಿಯಾರದಲ್ಲಿ ಐದೂ ಹತ್ತು. ಅಕ್ಕ ತಲೆ ಎತ್ತದೆ "ಹೊರಟುಹೋಯ್ತು" ಎಂದಳು. ಬಸ್ಸು ಹಿಂದಿನ ಅಂಗಳದಲ್ಲಿ ಟೈರು ಬದಲಾಯಿಸಿಕೊಳ್ಳುತ್ತ ನಿಂತಿತ್ತು. ಅದು ಹೊರಟದ್ದು ಐದೂ ಮುಕ್ಕಾಲಿಗೆ. ಅಷ್ಟರಲ್ಲಿ ಮುದುಕರು ಎತ್ತಲೋ ನಡೆದುಬಿಟ್ಟಿದ್ದರು. "ತಡ ಅಂದರೆ ಜನ ಬೈಯುತ್ತಾರೆ, ಬೈದು ಕಾಯುತ್ತಾರೆ. ಹೊರಟುಹೋಯಿತು ಅಂದರೆ ಸುಮ್ಮನೆ ಹೋಗಿಬಿಡುತ್ತಾರೆ. ಅವರು ಸುಮ್ಮನೆ ಹೋದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ" ಎಂದು ಬರೆದಿದ್ದಳು.

* * *

ಚಿತಾಗಾರದಲ್ಲಿ ಅವರದು ನಾಲ್ಕನೆಯ ನಂಬರು. ಕಾಯುವ ಕೋಣೆಯಲ್ಲಿ ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳಿದ್ದವು. ಒಬ್ಬರು ಎದ್ದರೆ ಸಾಲಿಗೆ ಸಾಲೇ ಅಲುಗುತ್ತಿತ್ತು. ಗೋಡೆಯ ಮೇಲೆ ನಂಬರು ತೋರಿಸುವ ಪೆಟ್ಟಿಗೆಯಲ್ಲಿ ಎರಡು ಎಂದಿತ್ತು. ಗುಬ್ಬಿ ಆ ಎರಡನ್ನೇ ನೋಡುತ್ತಿದ್ದಳು. ಅಳು ಬರಬಹುದೆಂದು ಎರಡು ಕರವಸ್ತ್ರ ತಂದಿದ್ದಳು. ಮಡಿಕೆ ಕೂಡ ಮುರಿದಿರಲಿಲ್ಲ.

"ಏಳು ತಿಂಗಳು ಕಣೇ," ಎಂದ ಅಣ್ಣ, ಟೀಚರನ್ನೂ ಮಾತ್ರೆಯನ್ನೂ ದಾಟಿ ಅವಳ ಕಡೆ ಬಾಗಿ. "ಡಾಕ್ಟರು ಹೇಳಿ ಏಳು ತಿಂಗಳ ಮೇಲಾಗಿತ್ತಂತೆ. ಪಕ್ಕದ ಮನೆಯವರಿಗೆ ಗೊತ್ತು, ಹಾಲು ಹಾಕೋನಿಗೆ ಗೊತ್ತು. ಒಡಹುಟ್ಟಿದವನು, ನನಗೆ ಗೊತ್ತಿಲ್ಲ."

"ಹೋದ ತಿಂಗಳು ನಾನು ಫೋನ್ ಮಾಡಿದ್ದೆ," ಎಂದ ಮಾತ್ರೆ. "ಬೆನ್ನು ನೋವು ಅಂದ್ಲು. ಅರ್ಧ ಗಂಟೆ ಪಾಠ ಹೇಳಿದೆ. ಹೇಗೆ ಕೂರಬೇಕು, ಏನು ಹಚ್ಕೋಬೇಕು, ಎಲ್ಲಾ. ನಗ್ತಾ ಕೇಳಿಸ್ಕೊಂಡ್ಲು. ಯಾಕೆ ನಗ್ತೀಯಾ ಅಂದ್ರೆ, ನೀನು ಒಳ್ಳೆಯವನು ಕಣೋ ಅಂದ್ಲು. ಹುಟ್ಟಿದಾಗಿಂದ ನನಗೆ ಯಾರೂ ಹಾಗೆ ಅಂದಿಲ್ಲ. ಆಗಲೇ ಅನುಮಾನ ಬರಬೇಕಿತ್ತು."

ಟೀಚರ್ ತಲೆ ಆಡಿಸಿದರು. "ಮುಚ್ಚಿಡೋ ಹೆಂಗಸಲ್ಲ ಅವಳು. ಒಂದು ಹಲ್ಲು ಕೀಳಿಸಿಕೊಂಡದ್ದನ್ನ ಎರಡು ಪುಟ ಬರೆದವಳು. ಇದನ್ನ ಬರೀಲಿಲ್ಲ ಅಂದ್ರೆ ನಾನು ನಂಬಲ್ಲ."

"ಬರೆಯೋಕೆ ಸುತ್ತೆಲ್ಲಿತ್ತು ಟೀಚರ್? ನಿಂತೇ ಹೋಗಿದೆಯಲ್ಲ. ನನ್ನ ಕೈಗೆ ಬಂದು ವರ್ಷ ಆಗ್ತಾ ಬಂತು," ಎಂದ ಅಣ್ಣ.

"ಹಾಗಾದ್ರೆ ಯಾರ ಹತ್ರ ಇದೆ?"

ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಕೇಳಿದ ಟೀಚರೇ ಒಂದು ಕ್ಷಣ ಗಲಿಬಿಲಿಯಾದರು. "ಕೇಳಬಾರದು ಅಂದವಳೇ ಹೋದ ಮೇಲೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ನನ್ನ ಹತ್ರ ಇಲ್ಲ," ಎಂದ ಮಾತ್ರೆ.

"ನನ್ನಲ್ಲಂತೂ ಇಲ್ಲಪ್ಪ," ಎಂದರು ಟೀಚರ್.

ಗುಬ್ಬಿಯ ಚೀಲ ತೊಡೆಯ ಮೇಲಿತ್ತು. ಲಕೋಟೆಯ ಮೂಲೆ ಬಟ್ಟೆಯ ಮೂಲಕ ಅಂಗೈಗೆ ಒತ್ತುತ್ತಿತ್ತು. ನನ್ನ ಹತ್ರ ಇದೆ. ಮೂರು ಮಾತು. ಅವಳು ಅವನ್ನು ಮನಸ್ಸಿನಲ್ಲಿ ಜೋಡಿಸಿ ಇಟ್ಟುಕೊಂಡಳು. ತುಟಿ ಬಿಚ್ಚುವಷ್ಟರಲ್ಲಿ ಅಣ್ಣನೇ ಹೇಳಿದ:

"ಗುಬ್ಬಿ ಕಡೆ ನೋಡ್ಬೇಡಿ. ಅವಳು ಮೂರು ದಿನ ಇಟ್ಕೊಳ್ಳೋಳಲ್ಲ. ಅಕ್ಕನ ಹತ್ರಾನೇ ಇರುತ್ತೆ. ನಮಗೆ ಹೇಳೋಕೆ ಮನಸ್ಸು ಬಂದಿಲ್ಲ, ಅದಕ್ಕೇ ಬರೆದಿಲ್ಲ, ಅದಕ್ಕೇ ಕಳಿಸಿಲ್ಲ. ಅಷ್ಟು ದೂರದವರಾದ್ವಿ ನಾವು. ಮನೆಗೆ ಹೋದ ಮೇಲೆ ಬೀರು ನೋಡೋಣ."

"ನಿನ್ನ ಒಂಬತ್ತು ಊರಿನ ಪ್ರವಾಸದ ಕಥೆ ಓದೋಕೆ ಕಾದಿದ್ದೇ ಬಂತು ನೋಡು ಗುಬ್ಬಿ," ಎಂದರು ಟೀಚರ್. "ನಿನ್ನ ಯಜಮಾನರು ಬರ್ಲಿಲ್ವಾ?"

"ಇಲ್ಲ ಟೀಚರ್."

ಭಾವ ಮೂರು ಸಾಲು ಮುಂದೆ ಒಬ್ಬರೇ ಕೂತಿದ್ದರು. ಅಣ್ಣ ಎದ್ದು ಹೋಗಿ ಅವರ ಪಕ್ಕ ಕೂತು ಹೆಗಲ ಮೇಲೆ ಕೈಯಿಟ್ಟ. ಭಾವ ಮೆಲ್ಲಗೆ ಒಂದು ಕುರ್ಚಿ ಆಚೆಗೆ ಸರಿದು ಕೂತರು. ಇಡೀ ಸಾಲು ಕಿರುಗುಟ್ಟಿತು.

"ಭಾವ, ನಮ್ಮಿಂದ ಏನಾದ್ರೂ..."

"ಎಲ್ರಿಗೂ ಇವತ್ತು ಬಿಡುವಾಯ್ತು," ಎಂದರು ಭಾವ. ದನಿ ಏರಲಿಲ್ಲ. "ಒಳ್ಳೇದಾಯ್ತು."

"ನಮಗೆ ಗೊತ್ತೇ ಇರ್ಲಿಲ್ಲ ಭಾವ. ನಿಮ್ಮಾಣೆಗೂ."

ಭಾವ ಅವನನ್ನು ನೋಡಿದರು. ಬೆಳಗಿನಿಂದ ಅವರು ಯಾರನ್ನಾದರೂ ನೇರವಾಗಿ ನೋಡಿದ್ದು ಅದೇ ಮೊದಲು. "ಹೌದಾ," ಎಂದು ಮುಖ ತಿರುಗಿಸಿದರು.

ಅಣ್ಣ ವಾಪಸು ಬಂದು ಕೂತ. ಅವನ ಕಿವಿಗಳು ಕೆಂಪಾಗಿದ್ದವು. "ಭಾವ ನನ್ನನ್ನ ಸುಳ್ಳುಗಾರ ಅಂದ್ಕೊಂಡ್ರು," ಎಂದ, ಯಾರಿಗೂ ಅಲ್ಲದೆ. "ಇಷ್ಟು ವರ್ಷದಲ್ಲಿ ಒಂದು ಮಾತು ಬಂದಿಲ್ಲ ನಮ್ಮಿಬ್ಬರ ನಡುವೆ. ಇನ್ನು ಈ ಮನೆಗೆ ಬರೋಕೆ ನನಗೆ ಮುಖ ಇಲ್ಲ."

ಪೆಟ್ಟಿಗೆಯಲ್ಲಿ ಎರಡು ಹೋಗಿ ಮೂರು ಬಂತು.

* * *

ಒಂಬತ್ತು ಊರಿನ ಪ್ರವಾಸ ಮೂರನೇ ಊರಿನಲ್ಲಿ ಮುಗಿದಿತ್ತು.

ಗಂಡ ನಿವೃತ್ತನಾದ ವರ್ಷ ಅದು. ಕಡಲ ದಂಡೆ ಹಿಡಿದು ಒಂಬತ್ತು ಊರು, ಇಪ್ಪತ್ತು ದಿನ. ಹಿಂದಿನ ಸುತ್ತಿನಲ್ಲಿ ಗುಬ್ಬಿ ಊರುಗಳ ಪಟ್ಟಿ ಬರೆದು, "ಮುಂದಿನ ಕಾಗದಕ್ಕೆ ಲಕೋಟೆ ಸಾಲುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ" ಎಂದು ಜಂಬ ಕೊಚ್ಚಿದ್ದಳು. ನೋಡಿದ್ದನ್ನೆಲ್ಲ ಬರೆದಿಡಲು ನೋಟುಪುಸ್ತಕ ಕೊಂಡಿದ್ದಳು. ಮೂರನೇ ಊರಿನ ಲಾಡ್ಜಿನಲ್ಲಿ ಒಂದು ಬೆಳಿಗ್ಗೆ, ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ, ಗಂಡ ತನ್ನ ಬಟ್ಟೆಗಳನ್ನು ಮಾತ್ರ ಬೇರೆ ಚೀಲಕ್ಕೆ ತುಂಬುತ್ತಿರುವುದು ಕನ್ನಡಿಯಲ್ಲಿ ಕಂಡಿತು.

"ನಾನು ಮನೆಗೆ ಬರಲ್ಲ," ಎಂದ. "ಯಾರದ್ದೂ ತಪ್ಪಿಲ್ಲ. ಇಲ್ಲೇ ಒಂದು ರೂಮು ನೋಡಿದ್ದೀನಿ. ನಿನ್ನನ್ನ ಬಸ್ ಹತ್ತಿಸ್ತೀನಿ."

ಬಸ್ ಹತ್ತಿಸಿದ. ಕಿಟಕಿಯ ಪಕ್ಕದ ಸೀಟು ನೋಡಿ ಕೂರಿಸಿದ, ನೀರಿನ ಬಾಟಲಿ ತಂದುಕೊಟ್ಟ. ಅಷ್ಟು ಚೆನ್ನಾಗಿ ನೋಡಿಕೊಂಡಿದ್ದ ಎಂಬುದನ್ನು ಯಾರಿಗೆ ಹೇಗೆ ಬರೆಯುವುದು?

ಹದಿನೆಂಟು ದಿನದ ಮೇಲೆ ಸುತ್ತು ಬಂತು. ಮಾರ್ಚ್ ಒಂಬತ್ತು, ಗುರುವಾರ, ಹನ್ನೊಂದೂವರೆ. ಅಂಚೆಯವನು ಗಂಟೆ ಒತ್ತಿದಾಗ ಅವಳು ಅಭ್ಯಾಸಬಲದಿಂದ ಗಡಿಯಾರ ನೋಡಿದ್ದಳು. ಬಿಚ್ಚಿದರೆ ಎಂಟು ದಿನದಲ್ಲಿ ಬರೆಯಬೇಕು. ಬರೆದರೆ ಪ್ರವಾಸವನ್ನೇ ಬರೆಯಬೇಕು. ಬಿಚ್ಚದಿದ್ದರೆ ಏನೂ ಬೇಡ. ಅವಳು ಅದನ್ನು ಬೀರುವಿನ ಮೇಲೆ, ಸೂಟ್‌ಕೇಸಿನ ಅಡಿಯಲ್ಲಿ ಇಟ್ಟಳು. ನಾಲ್ಕು ದಿನ ಬಿಟ್ಟು ನೋಡೋಣ ಎಂದುಕೊಂಡಳು.

ಆ ತಿಂಗಳ ಕೊನೆಯ ಭಾನುವಾರ ಅಕ್ಕ ಫೋನ್ ಮಾಡಿದಳು. ಅಕ್ಕಿಯಿಂದ ಶುರುವಾದ ಮಾತು ಅಲ್ಲಿ ಇಲ್ಲಿ ಸುತ್ತಿತು. ಆಮೇಲೆ ಅಕ್ಕ ತನ್ನ ನಿಯಮವನ್ನು ತಾನೇ ಅರ್ಧ ಮುರಿದಳು.

"ಓದಿದ್ಯಾ ಗುಬ್ಬಿ?"

"ಓದಿದೆ ಅಕ್ಕ. ಮುಂದಕ್ಕೆ ಕಳಿಸಿಯೂ ಆಯ್ತು."

ಆ ಕಡೆ ಅಕ್ಕನ ಮನೆಯ ಫ್ಯಾನಿನ ಸದ್ದು ಕೇಳಿಸುತ್ತಿತ್ತು.

"ಏನನ್ನಿಸ್ತು?"

"ಬರೆದಿದ್ದೀನಲ್ಲ. ಸುತ್ತು ಬಂದಾಗ ಓದ್ಕೋ."

"ಸರಿ," ಎಂದಳು ಅಕ್ಕ. "ಸರಿ ಬಿಡು. ನೀನು ಊಟ ಸರಿಯಾಗಿ ಮಾಡ್ತಿದ್ದೀಯಾ?"

ಆಮೇಲಿನ ಭಾನುವಾರಗಳಲ್ಲಿ ಅಕ್ಕ ಆ ಮಾತು ಎತ್ತಲಿಲ್ಲ. ಎತ್ತಲಿಲ್ಲವಲ್ಲ ಎಂದು ಗುಬ್ಬಿಗೆ ಪ್ರತಿ ಭಾನುವಾರವೂ ನೆಮ್ಮದಿಯಾಗುತ್ತಿತ್ತು.

* * *

ಬಸ್ಸಿನಲ್ಲಿ ಬೆಳಿಗ್ಗೆ ಅವಳು ಲಕೋಟೆಯ ದಾರ ಬಿಚ್ಚಿದಾಗ ಅಕ್ಕನ ಕಾಗದ ಎಲ್ಲಕ್ಕಿಂತ ಮೇಲಿತ್ತು. ಒಂದೇ ಪುಟ.

"ಈ ಸಲದ ಪ್ರವಾಸ: ದೊಡ್ಡಾಸ್ಪತ್ರೆ, ನಾಲ್ಕನೇ ಮಹಡಿ. ಲಿಫ್ಟ್ ಇದೆ. ಸುದ್ದಿ ಚೆನ್ನಾಗಿಲ್ಲ, ಅದಕ್ಕೇ ಬೇಗ ಹೇಳಿ ಮುಗಿಸುತ್ತೇನೆ. ಡಾಕ್ಟರು ಎಂಟು ತಿಂಗಳು ಎಂದಿದ್ದಾರೆ. ಅವರ ಮಾತೂ ನಮ್ಮ ಬಸ್ಸಿನ ಹಾಗೆ, ಸ್ವಲ್ಪ ಹಿಂದೆ ಮುಂದೆ ಆಗಬಹುದು. ಯಾರೂ ಫೋನ್ ಮಾಡಿ ಈ ಮಾತು ಎತ್ತಬೇಡಿ. ನೀವು ಅತ್ತರೆ ನಾನು ಸಮಾಧಾನ ಹೇಳಬೇಕಾಗುತ್ತದೆ, ನನಗೆ ಈಗ ಅಷ್ಟು ಶಕ್ತಿ ಇಲ್ಲ. ಏನಿದ್ದರೂ ಬರೆಯಿರಿ.

"ಒಂದು ಕೇಳಿಕೆ ಇದೆ. ಹದಿನೆಂಟನೇ ನಂಬರಿನ ಬಸ್ಸು ಎಲ್ಲಿಗೆ ಹೋಗುತ್ತದೆಂದು ಮೂವತ್ತೊಂದು ವರ್ಷ ಹೇಳಿದ್ದೇನೆ. ಅದರ ಕೊನೆಯ ನಿಲ್ದಾಣದಲ್ಲಿ ಏನಿದೆ ಎಂದು ಒಬ್ಬರೂ ಹಿಂದಿರುಗಿ ಬಂದು ಹೇಳಲಿಲ್ಲ. ಐದೂ ಜನ ಒಂದು ದಿನ ಹೋಗಿಬರೋಣ. ಜೂನಿನಲ್ಲಾದರೆ ನನಗೆ ನಡೆಯಲು ಆಗುತ್ತದಂತೆ. ಯಾರಿಗೆ ಯಾವ ಭಾನುವಾರ ಆಗುತ್ತದೆಂದು ನಿಮ್ಮ ನಿಮ್ಮ ಕಾಗದದಲ್ಲಿ ಬರೆಯಿರಿ."

ಗುಬ್ಬಿ ಅದನ್ನು ಎರಡು ಸಲ ಓದಿ, ಇದ್ದ ಮಡಿಕೆಯಲ್ಲೇ ಮಡಿಸಿ ಇಟ್ಟಳು. ಕಿಟಕಿಯಾಚೆ ಗೋಡೌನುಗಳು, ಪೆಟ್ರೋಲು ಬಂಕು, ಮತ್ತೆ ಗೋಡೌನುಗಳು. ಪಕ್ಕದ ಹೆಂಗಸು ಬಿಸ್ಕತ್ತು ಕೊಟ್ಟಳು. ಗುಬ್ಬಿ ತೆಗೆದುಕೊಂಡು ತಿಂದಳು. ಅದು ಉಪ್ಪು ಬಿಸ್ಕತ್ತೋ ಸಿಹಿಯದೋ ಅವಳಿಗೆ ತಿಳಿಯಲಿಲ್ಲ.

* * *

ಮನೆಗೆ ವಾಪಸು ಬಂದಾಗ ಪಕ್ಕದ ಮನೆಯವರು ಫ್ಲಾಸ್ಕಿನಲ್ಲಿ ಟೀ, ತಟ್ಟೆಯಲ್ಲಿ ಬ್ರೆಡ್ಡು ತಂದಿಟ್ಟು ಹೋಗಿದ್ದರು. ಬಾಗಿಲಲ್ಲಿ ಅಕ್ಕನ ಚಪ್ಪಲಿ ಎಲ್ಲರ ಚಪ್ಪಲಿಗಳ ನಡುವೆ ಇತ್ತು, ಅವಳೂ ಈಗಷ್ಟೇ ಎಲ್ಲಿಂದಲೋ ಬಂದು ಬಿಟ್ಟ ಹಾಗೆ. ಭಾವ ನೇರ ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದರು.

"ಗುಬ್ಬಿ, ನೀನೇ ನೋಡು," ಎಂದ ಅಣ್ಣ ತಗ್ಗಿದ ದನಿಯಲ್ಲಿ. "ಅಕ್ಕನ ಬೀರು. ನಾವು ಗಂಡಸರು ಕೈ ಹಾಕೋದು ಬೇಡ. ಸುತ್ತು ಸಿಕ್ಕಿದ್ರೆ ತಾ. ನಾನು ಐದೂವರೆ ಬಸ್ಸಿಗೆ ಹೋಗ್ತೀನಿ."

"ಇವತ್ತೇನಾ?" ಎಂದರು ಟೀಚರ್.

"ಇದ್ದು ಏನು ಮಾಡ್ಲಿ ಟೀಚರ್. ನೋಡ್ತಿದ್ದೀರಲ್ಲ."

ಗುಬ್ಬಿ ಕೋಣೆಯೊಳಗೆ ಹೋಗಿ ಬಾಗಿಲು ಅರ್ಧ ಮುಂದೂಡಿದಳು. ಬೀರುವಿಗೆ ಬೀಗ ಇರಲಿಲ್ಲ. ಮೇಲಿನ ಅರೆಯಲ್ಲಿ ಸೀರೆಗಳು, ನಡುವಿನ ಅರೆಯಲ್ಲಿ ಕಾಗದಗಳು. ಇಪ್ಪತ್ತಾರು ವರ್ಷದಲ್ಲಿ ಸುತ್ತಿ ಬಂದ ಅಕ್ಕನ ಕಾಗದಗಳೆಲ್ಲ ವರ್ಷವಾರು ಕಟ್ಟು ಕಟ್ಟಾಗಿದ್ದವು. ಅವುಗಳ ಪಕ್ಕ ಒಂದು ಲಕೋಟೆಯ ಅಗಲದಷ್ಟು ಜಾಗ ಖಾಲಿ ಇತ್ತು. ಸುತ್ತು ಬಂದಾಗ ಇಡುವ ಜಾಗ.

ಅಲ್ಲಿ ಇಟ್ಟುಬಿಟ್ಟರೆ ಮುಗಿಯಿತು. ಕೈ ಚಾಚಿದರೆ ಸಾಕು. ಸಿಕ್ಕಿತು ಅಣ್ಣ, ಇಲ್ಲೇ ಇತ್ತು. ಅಕ್ಕ ಬರೆದಿದ್ದಳು, ಕಳಿಸಲಿಲ್ಲ. ಲಕೋಟೆಯ ಮೇಲಿನ ಹೊರಟ ತಾರೀಖನ್ನೂ ಅಂಚೆಯ ಮುದ್ರೆಯನ್ನೂ ಯಾರು ಅಷ್ಟು ಹುಡುಕಿ ನೋಡುತ್ತಾರೆ? ಅಂಚೆಗೆ ಹಾಕಿದ ಭಾವ ನೋಡುತ್ತಾರೆ. ನೋಡಿದರೂ ಅವರು ಯಾರೊಂದಿಗೂ ಮಾತಾಡುತ್ತಿಲ್ಲ. ಗುಬ್ಬಿ ಚೀಲದ ಜಿಪ್ಪು ಎಳೆದಳು. ಲಕೋಟೆ ಕೈಗೆ ಬಂತು.

ಆಗ ಕಟ್ಟುಗಳ ಮೇಲೆ ಮೂರು ಮಡಿಕೆಯ ಒಂದು ಕಾಗದ ಕಂಡಿತು. ಯಾವ ಕಟ್ಟಿಗೂ ಸೇರದೆ ಬಿಡಿಯಾಗಿತ್ತು. ಮುಂದಿನ ಸುತ್ತಿಗೆಂದು ಅಕ್ಕ ಮೊದಲೇ ಬರೆದಿಟ್ಟದ್ದು.

"ಈ ಸಲದ ಪ್ರವಾಸ: ಹದಿನೆಂಟನೇ ನಂಬರು, ಕೊನೆಯ ನಿಲ್ದಾಣ. ನಾವಿಬ್ಬರೇ ಹೋಗಿಬಂದೆವು. ಇವರು ಎರಡು ಕಡೆಯೂ ನನ್ನ ಕೈ ಬಿಡಲಿಲ್ಲ. ಅಲ್ಲಿ ಒಂದು ಟೀ ಅಂಗಡಿ ಇದೆ, ಬಸ್ಸು ತಿರುಗಿಸಲು ಜಾಗ ಇದೆ. ಬೇರೇನೂ ಇಲ್ಲ. ನನಗೆ ನಗು ಬಂತು, ಇವರಿಗೆ ಬರಲಿಲ್ಲ.

"ನೀವೆಲ್ಲ ಓದಿದ್ದೀರಿ. ಫೋನಿನಲ್ಲಿ ಒಬ್ಬರೂ ಆ ಮಾತು ಎತ್ತಲಿಲ್ಲ. ನಾನು ಹೇಳಿದ್ದನ್ನು ಇಷ್ಟು ಚೆನ್ನಾಗಿ ಪಾಲಿಸುತ್ತೀರೆಂದು ಅಂದುಕೊಂಡಿರಲಿಲ್ಲ."

ಅಷ್ಟೇ. ಗುಬ್ಬಿ ಕೊನೆಯ ಸಾಲನ್ನು ಮತ್ತೆ ಓದಿದಳು. ಅಕ್ಕ ಅದನ್ನು ಯಾವ ಮುಖ ಮಾಡಿಕೊಂಡು ಬರೆದಿರಬಹುದೆಂದು ಊಹಿಸಲು ನೋಡಿದಳು. ಒಂದು ಸಲ ನಗುವಿನಂತೆ ಕೇಳಿಸಿತು. ಇನ್ನೊಂದು ಸಲ ಹಾಗೆ ಕೇಳಿಸಲಿಲ್ಲ. ಅಕ್ಷರ ದುಂಡಗಿತ್ತು, ಎಲ್ಲೂ ನಡುಗಿರಲಿಲ್ಲ. ಕೇಳಲು ಕಿಟಕಿಯ ಆ ಕಡೆ ಯಾರೂ ಇರಲಿಲ್ಲ.

ಹೊರಗೆ ಅಣ್ಣನ ದನಿ: "ಭಾವ, ನಾನು ಹೊರಡ್ತೀನಿ."

ಅಡುಗೆಮನೆಯಲ್ಲಿ ನೀರಿನ ಸದ್ದು ನಿಲ್ಲಲಿಲ್ಲ.

ಗುಬ್ಬಿ ಬೀರು ಮುಚ್ಚಿ ಹೊರಗೆ ಬಂದಳು. ಒಂದು ಕೈಯಲ್ಲಿ ಲಕೋಟೆ, ಇನ್ನೊಂದರಲ್ಲಿ ಮೂರು ಮಡಿಕೆಯ ಕಾಗದ.

"ಇತ್ತಲ್ಲ," ಎಂದ ಅಣ್ಣ. "ನಾನು ಹೇಳ್ಲಿಲ್ವಾ."

ಅಕ್ಕ ಬರೆಯಲು ಕೂರುತ್ತಿದ್ದ ಮೇಜು ಗೋಡೆಗೆ ಒತ್ತಿಕೊಂಡಿರದೆ ಹಜಾರದ ಕಡೆ ಮುಖ ಮಾಡಿತ್ತು. ನಿಲ್ದಾಣದ ಅಭ್ಯಾಸ, ಬಂದವರಿಗೆ ಬೆನ್ನು ತೋರಿಸಿ ಕೂರಲು ಅವಳಿಗೆ ಆಗುತ್ತಿರಲಿಲ್ಲ. ಗುಬ್ಬಿ ಸುತ್ತಿಬಂದು ಆ ಕುರ್ಚಿಯಲ್ಲಿ ಕೂತಳು. ಲಕೋಟೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದಳು.

"ಟೀಚರ್, ಪೆನ್ ಇದೆಯಾ?"

ಟೀಚರ್ ಚೀಲ ತಡಕಿದರು. "ಕೆಂಪೇ ಇರೋದು."

"ಕೊಡಿ."

ಅಕ್ಕನ ಸಾಲಿನ ಕೆಳಗೆ ತನ್ನ ಸಾಲು. 'ಬಂದದ್ದು' ಎಂಬಲ್ಲಿ ಬರೆದಳು: ಮಾರ್ಚ್ 9, ಬೆಳಿಗ್ಗೆ 11.30. 'ಹೊರಟದ್ದು' ಎಂಬಲ್ಲಿ ಇವತ್ತಿನ ತಾರೀಖು. ಗೋಡೆಯ ಗಡಿಯಾರ ನೋಡಿ ಗಂಟೆಯನ್ನೂ ಬರೆದಳು. ಅಕ್ಟೋಬರ್ 11, ಸಂಜೆ 4.50. ಅಂಕಿಗಳು ಅವಳ ಕೈಬರಹದಲ್ಲಿ ಯಾವತ್ತಿನಂತೆ ಸಣ್ಣಗೆ, ಅಚ್ಚುಕಟ್ಟಾಗಿ ಬಂದವು. ಪೆನ್ನಿನ ಮುಚ್ಚಳ ಹಾಕಿ, ಲಕೋಟೆಯನ್ನು ಅಣ್ಣನ ಕಡೆಗೆ ತಿರುಗಿಸಿ ಇಟ್ಟಳು. ಅದರ ಮೇಲೆ ಅಕ್ಕನ ಮೂರು ಮಡಿಕೆಯ ಕಾಗದ.

ಅಣ್ಣ ಬಂದು ಮೇಜಿನ ಮುಂದೆ ನಿಂತ. ಮೊದಲು ಕಾಗದ ತೆಗೆದುಕೊಳ್ಳಲು ಹೋದವನ ಕೈ, ಲಕೋಟೆಯ ಮೇಲೆ ನಿಂತಿತು. ಬೆರಳು ಒಂದು ತಾರೀಖಿನಿಂದ ಇನ್ನೊಂದಕ್ಕೆ ಹೋಯಿತು. ಮತ್ತೆ ಹಿಂದಕ್ಕೆ ಬಂತು. ಅವನ ಹಿಂದೆ ಟೀಚರ್ ಬಂದು ನಿಂತರು, ಕತ್ತು ಚಾಚಿ. ಟೀಚರ ಹಿಂದೆ ಮಾತ್ರೆ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಒದ್ದೆ ಲೋಟ ಕೈಯಲ್ಲಿ ಹಿಡಿದುಕೊಂಡೇ ಭಾವ ಹೊರಗೆ ಬಂದರು. ಪಟ್ಟಿಯಲ್ಲಿ ಹೆಸರಿಲ್ಲದವರು, ಏನೂ ಕೇಳದೆ ಎಲ್ಲರ ಹಿಂದೆ ನಿಂತರು.

ಅಣ್ಣ ಸ್ವಲ್ಪ ಬಾಗಿದ.

"ಯಾವತ್ತು ಬಂತು?" ಎಂದ. ತಾರೀಖು ಅವನ ಬೆರಳ ಅಡಿಯಲ್ಲೇ ಇತ್ತು.

"ಮಾರ್ಚ್ ಒಂಬತ್ತು. ಗುರುವಾರ. ಹನ್ನೊಂದೂವರೆಗೆ."

"ನೀನು ಕಳಿಸಿದ್ದೀನಿ ಅಂತ ಅಕ್ಕನಿಗೆ ಹೇಳಿದ್ಯಾ?"

"ಹೇಳಿದೆ."

"ಹೊರಟಿತ್ತಾ?"

ಗುಬ್ಬಿ ತಲೆ ಎತ್ತಿ ಅವನನ್ನು ನೋಡಿದಳು. "ಇಲ್ಲ," ಎಂದಳು.

ಅಣ್ಣ ಬೈಯಲಿಲ್ಲ. ಹೋಗಲೂ ಇಲ್ಲ. ಅವನ ಹಿಂದೆ ಟೀಚರ್, ಟೀಚರ ಹಿಂದೆ ಮಾತ್ರೆ, ಎಲ್ಲರಿಗಿಂತ ಹಿಂದೆ ನೀರು ತೊಟ್ಟಿಕ್ಕುವ ಲೋಟ ಹಿಡಿದ ಭಾವ, ಒಬ್ಬರ ಹಿಂದೆ ಒಬ್ಬರು ನಿಂತೇ ಇದ್ದರು. ಮೇಜಿನ ಆ ಕಡೆ, ಅಕ್ಕನ ಕುರ್ಚಿಯಲ್ಲಿ, ಕೆಂಪು ಪೆನ್ನು ಹಿಡಿದು ಗುಬ್ಬಿ ಕೂತಿದ್ದಳು.